ರಾಣಿಬಾಗ್ ಪಕ್ಕದ ಮ್ಯೂಸಿಯಂ: ಮುಂಬಯಿಯ ಕತೆಯಲ್ಲಿ ನಮ್ಮವರು ಎಲ್ಲಿದ್ದಾರೆ?

ಮಾಟುಂಗದವಳು

ಮುಂಬಯಿಯ ಕನ್ನಡದವರನ್ನು ಒಂದು ಮಾತು ಕೇಳಬೇಕಿತ್ತು. ಬೈಕಲಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಒಳಗೆ ಹೋಗಿ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಅದರ ಪಕ್ಕದ ಪ್ರಾಣಿ ಸಂಗ್ರಹಾಲಯ ರಾಣಿಬಾಗ್ ನೋಡದವರು ಯಾರೂ ಇರಲಿಕ್ಕಿಲ್ಲ. ಮಕ್ಕಳಿಗೆ ಪೆಂಗ್ವಿನ್ ತೋರಿಸುತ್ತೇವೆ, ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತೇವೆ, ಬಂದ ದಾರಿಯಲ್ಲೇ ವಾಪಸ್ ಹೋಗುತ್ತೇವೆ. ಆ ದಾರಿಯ ಪಕ್ಕದಲ್ಲೇ ಈ ಊರಿನ ಅತಿ ಹಳೆಯ ಮ್ಯೂಸಿಯಂ ಇದೆ.

ಅದನ್ನು ಜನರಿಗೆ ತೆರೆದದ್ದು 1872ರ ಮೇ 2ರಂದು. ಆಗ ಹೆಸರು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. 1975ರಲ್ಲಿ ಭಾವು ದಾಜಿ ಲಾಡ್ ಅವರ ಹೆಸರಿಟ್ಟರು. ಅವರು ಗ್ರಾಂಟ್ ಮೆಡಿಕಲ್ ಕಾಲೇಜಿನಿಂದ ಹೊರಬಂದ ಮೊದಲ ತಂಡದ ಡಾಕ್ಟರು. ಹಳೆಯ ಶಾಸನ ಓದುವ ಹುಚ್ಚು ಬೇರೆ. ಹೆಣ್ಣುಮಕ್ಕಳ ಓದಿಗಾಗಿ ದುಡಿದವರು, ಮುಂಬಯಿಯ ಶೆರೀಫ್ ಅನ್ನುವ ಹಿರಿಯ ಹುದ್ದೆಗೆ ಬಂದ ಮೊದಲ ಭಾರತೀಯ. ಈ ಮ್ಯೂಸಿಯಂ ಆಗಲೇಬೇಕು ಅಂತ ಓಡಾಡಿದವರಲ್ಲಿ ಅವರೂ ಒಬ್ಬರು.

ಒಳಗೆ ಕಾಲಿಟ್ಟ ಕೂಡಲೇ ಕತ್ತು ತಾನಾಗಿ ಮೇಲೇಳುತ್ತದೆ. ಎರಕದ ಕಬ್ಬಿಣದ ಕಂಬಗಳು, ಅವುಗಳ ಮೇಲೆ ಚಿನ್ನದ ಲೇಪ, ನೆಲಕ್ಕೆ ಇಂಗ್ಲೆಂಡಿನ ಮಿಂಟನ್ ಟೈಲ್ಸ್, ಸುತ್ತಲೂ ಹಳೇ ಗಾಜಿನ ಕಪಾಟುಗಳು. 2003ರಿಂದ 2008ರವರೆಗೆ ಇಡೀ ಕಟ್ಟಡವನ್ನು ರಿಪೇರಿ ಮಾಡಿ ಹಳೆಯ ರೂಪಕ್ಕೆ ತಂದರು. 2005ರಲ್ಲೇ ಯುನೆಸ್ಕೋ ಪ್ರಶಸ್ತಿ ಬಂತು. ಕೆಳಗಿನ ಹಾಲ್‌ನಲ್ಲಿ ಕೈಕಸುಬಿನ ವಸ್ತುಗಳಿವೆ. ಮೇಲಿನ ಮಹಡಿಯಲ್ಲಿ ಮುಂಬಯಿ ಇದೆ: ನಕಾಶೆಗಳು, ಹಡಗಿನ ಮಾದರಿಗಳು, ಮಣ್ಣಿನ ಗೊಂಬೆಗಳು, ಹಳ್ಳಿ ಬದುಕಿನ ಪುಟ್ಟ ದೃಶ್ಯಗಳು.

ನಾನು ಜಾಸ್ತಿ ಹೊತ್ತು ನಿಂತದ್ದು ಆ ಗೊಂಬೆಗಳ ಮುಂದೆ. ಒಂದೊಂದು ಜಾತಿಗೆ, ಒಂದೊಂದು ಕಸುಬಿಗೆ ಒಂದೊಂದು ಗೊಂಬೆ. ಯಾರು ಪೇಟ ಹೇಗೆ ಸುತ್ತುತ್ತಿದ್ದರು ಅಂತ ತೋರಿಸಲು ತಲೆಗಳದ್ದೇ ಬೇರೆ ಸಾಲು. ಬಟ್ಟೆಯ ಮಡಿಕೆಗಳನ್ನು ಎಷ್ಟು ಆಸ್ಥೆಯಿಂದ ಮಾಡಿದ್ದಾರೆ ಅಂದರೆ, ಸುತ್ತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅಂತ ಕಣ್ಣಲ್ಲೇ ಹಿಂಬಾಲಿಸಬಹುದು. ಆದರೆ ಒಂದು ಗೊಂಬೆಗೂ ಹೆಸರಿಲ್ಲ. ಇಂಥ ಜಾತಿಯವನು, ಇಂಥ ಕಸುಬಿನವನು, ಅಷ್ಟೇ.

ನನ್ನ ಪ್ರಶ್ನೆ ಇದು. ಈ ಊರು ಕಟ್ಟಿದವರಲ್ಲಿ ನಮ್ಮ ಕಡೆಯವರೂ ಇದ್ದರಲ್ಲ. ಹೋಟೆಲಿನವರು, ಬಂದರಿನಲ್ಲಿ ದುಡಿದವರು, ಆಫೀಸಿನ ಗುಮಾಸ್ತರು. ಊರಿನ ಕತೆ ಹೇಳುವ ಕಾಯಂ ಪ್ರದರ್ಶನದಲ್ಲಿ ಅವರನ್ನು ಎಲ್ಲಿ ಹುಡುಕಬೇಕು?

ಕುಮಟಾ ಕಡೆಯವ

ಅಕ್ಕ, ಗೊಂಬೆಗಳಲ್ಲಿ ಹುಡುಕಬೇಡಿ. ಆ ಕಟ್ಟಡದಲ್ಲೇ ಹುಡುಕಿ.

ಮ್ಯೂಸಿಯಂಗೆ ಅಡಿಗಲ್ಲು ಬಿದ್ದದ್ದು 1862ರಲ್ಲಿ. ಅದೇ ವರ್ಷ ನಮ್ಮ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಎರಡೂ ಕಡೆ ಹತ್ತಿಯ ಕೈ ಇದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಎಲ್ಲರ ಕಣ್ಣೂ ಇಂಡಿಯಾದ ಹತ್ತಿಯ ಮೇಲೆ ಬಿತ್ತು. ಧಾರವಾಡದ ಎರೆ ಭೂಮಿಯಲ್ಲಿ 1840ರ ದಶಕದಿಂದಲೇ ಅಮೆರಿಕನ್ ತಳಿಯ ಹತ್ತಿ ಬೆಳೆಸುತ್ತಿದ್ದರು. ವ್ಯಾಪಾರದಲ್ಲಿ ಅದನ್ನು ಧಾರವಾಡ ಅಮೆರಿಕನ್ ಅಂತಲೇ ಕರೆಯುತ್ತಿದ್ದರು. ನಾಡ ಹತ್ತಿಗೆ ಕುಮಟಾ ಅಂತ ಹೆಸರು, ನಮ್ಮ ಬಂದರಿನಿಂದ ಹೋಗುತ್ತಿತ್ತಲ್ಲ, ಅದಕ್ಕೆ. ಬಯಲುಸೀಮೆಯಿಂದ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಬಂದ ಹತ್ತಿ, ಕುಮಟಾದಲ್ಲಿ ಹಾಯಿ ಹಡಗು ಹತ್ತಿ ಮುಂಬಯಿ ಸೇರುತ್ತಿತ್ತು. ಕಾರವಾರದಲ್ಲಿ ಒಳ್ಳೇ ಬಂದರು ಮಾಡಬೇಕು, ಅದು ಮುಂಬಯಿಯ ಕೈಯಲ್ಲಿರಬೇಕು ಅಂತ ಹತ್ತಿ ವ್ಯಾಪಾರದವರು ಒತ್ತಾಯ ಹಾಕಿದರು. ಜಿಲ್ಲೆಯನ್ನೇ ಈ ಕಡೆ ತಂದದ್ದು ಅದಕ್ಕೇ.

ಆ ವರ್ಷಗಳಲ್ಲಿ ಮುಂಬಯಿಗೆ ಸುರಿದ ದುಡ್ಡಿಗೆ ಲೆಕ್ಕವಿಲ್ಲ. ಸಮುದ್ರ ತುಂಬಿಸಿ ಜಾಗ ಮಾಡುವ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಶೇರು 50,000ಕ್ಕೆ ಏರಿತ್ತು. ಕಟ್ಟಡ, ಗಡಿಯಾರ ಗೋಪುರ, ಆಸ್ಪತ್ರೆ ಅಂತ ಸೇಟುಗಳು ಧಾರಾಳವಾಗಿ ದಾನ ಬರೆದುಕೊಡುತ್ತಿದ್ದ ಕಾಲ ಅದು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು, ಬ್ಯಾಂಕುಗಳು ಮುಳುಗಿದವು. 1862ರಲ್ಲಿ ಅಡಿಗಲ್ಲು ಹಾಕಿದ ಮ್ಯೂಸಿಯಂ ಬಾಗಿಲು ತೆರೆಯಲು 1872ರವರೆಗೆ ಕಾಯಬೇಕಾಯ್ತು. ನಡುವಿನ ಆ ಹತ್ತು ವರ್ಷ ಮುಂಬಯಿ ಎದ್ದು ಬಿದ್ದ ವರ್ಷಗಳು.

ಆ ಕಂಬಗಳ ಚಿನ್ನ ನೋಡುವಾಗ ನನಗೆ ಧಾರವಾಡದ ಹೊಲ, ಘಟ್ಟದ ಗಾಡಿ ದಾರಿ ನೆನಪಾಗುತ್ತವೆ. ನಮ್ಮವರು ಅಲ್ಲಿದ್ದಾರೆ.

ಎರಡು ಮಕ್ಕಳ ತಾಯಿ, ಠಾಣೆ

ಇದನ್ನೆಲ್ಲ ಯಾರೂ ಶಾಲೆಯಲ್ಲಿ ಹೇಳಲೇ ಇಲ್ಲ ನೋಡಿ. ಒಂದು ಸಣ್ಣ ಪ್ರಶ್ನೆ. ಎಂಟು ವರ್ಷದ ಮಗನನ್ನು ಕರೆದುಕೊಂಡು ಹೋದರೆ ಬೇಜಾರು ಮಾಡಿಕೊಳ್ಳುತ್ತಾನಾ?

ಮಾಟುಂಗದವಳು

ಇಲ್ಲ ಮೇಡಂ. ನೇರ ಮೇಲಿನ ಮಹಡಿಗೆ ಕರೆದುಕೊಂಡು ಹೋಗಿ. ಹಡಗು, ಗೊಂಬೆ, ಹಳೇ ಆಟಗಳನ್ನು ತೋರಿಸುವ ದೃಶ್ಯ, ಏಳು ದ್ವೀಪಗಳ ಕಾಲದ ಮುಂಬಯಿ, ಇವೆಲ್ಲ ಮಕ್ಕಳಿಗೆ ಹಿಡಿಸುತ್ತವೆ. ಕೊಲಾಬಾ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್ ಎಲ್ಲಾ ಬೇರೆ ಬೇರೆ ದ್ವೀಪಗಳಾಗಿದ್ದವು ಅಂತ ಹೇಳಿ, ನಾವು ರೈಲಲ್ಲಿ ಬಂದ ದಾರಿಯಲ್ಲಿ ಎಲ್ಲೆಲ್ಲಿ ನೀರಿತ್ತು ಅಂತ ಅವನನ್ನೇ ಹುಡುಕಲು ಬಿಡಿ. ಬುಧವಾರ ಮಾತ್ರ ಹೋಗಬೇಡಿ, ಮ್ಯೂಸಿಯಂ ರಾಣಿಬಾಗ್ ಎರಡಕ್ಕೂ ಅವತ್ತು ರಜೆ.

ಹಳೇ ಫೋರ್ಟ್

ಹತ್ತಿಯ ಕತೆ ಒಪ್ಪಿದೆ. ಚೆನ್ನಾಗಿ ಬರೆದಿದ್ದೀರಿ. ಆದರೆ ಗೊಂಬೆಗಳ ಬಗ್ಗೆ ನನ್ನ ಅಭಿಪ್ರಾಯ ಬೇರೆ.

ಮ್ಯೂಸಿಯಂ ಶುರುವಾದ ರೀತಿ ನೋಡಿ. 1855ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಅದಕ್ಕೆ ಕಳಿಸಲು ಈ ಕಡೆಯ ಬೆಳೆ, ಮರ, ಬಟ್ಟೆ, ಕುಸುರಿ ಕೆಲಸ ಎಲ್ಲಾ ಕೂಡಿಸಿದರು. ಹಾಗೆ ಕೂಡಿಸಿದ್ದರಲ್ಲೇ ಇಲ್ಲಿಗೂ ಒಂದು ಸಂಗ್ರಹ ಆಯ್ತು. ಫೋರ್ಟಿನ ಟೌನ್ ಬ್ಯಾರಕ್ಸ್‌ನಲ್ಲಿ ಇಟ್ಟಿದ್ದರು. 1857ರ ದಂಗೆಯ ಹೊತ್ತಿಗೆ ಸೈನ್ಯಕ್ಕೆ ಆ ಜಾಗ ಬೇಕಾಯ್ತು, ವಸ್ತುಗಳೆಲ್ಲ ಹಾಳಾದವು. ಜಾರ್ಜ್ ಬರ್ಡ್‌ವುಡ್ ಅನ್ನುವ ಡಾಕ್ಟರು ಉಳಿದದ್ದನ್ನು ಉಳಿಸಿಕೊಂಡು, ಭಾವು ದಾಜಿ, ಜಗನ್ನಾಥ ಶಂಕರಶೇಟ್ ಅವರ ಜೊತೆ ಸೇರಿ ಮತ್ತೆ ಕಟ್ಟಿದರು. ಅಂದರೆ ಇದು ಮೊದಲಿನಿಂದಲೂ ಈ ಪ್ರಾಂತ್ಯದಲ್ಲಿ ಏನೇನು ಸಿಗುತ್ತದೆ ಅಂತ ತೋರಿಸುವ ಜಾಗ. ಆ ಗೊಂಬೆಗಳು ಬಂದದ್ದು ಆಮೇಲೆ, ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ. ಆಗ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಕ್ಯುರೇಟರ್ ಜೆ. ಜೆ. ಸ್ಕೂಲ್ ಆಫ್ ಆರ್ಟ್‌ನ ಪ್ರಿನ್ಸಿಪಾಲರೂ ಆಗಿದ್ದರು. ಕಾಳು, ಮರ, ಲೋಹಗಳನ್ನು ಸಾಲಾಗಿ ಇಟ್ಟು ಚೀಟಿ ಅಂಟಿಸಿದ ಹಾಗೆಯೇ ಜನರನ್ನೂ ಇಟ್ಟರು. ಹೆಸರಿಲ್ಲದಿರುವುದು ಮರೆವಿನಿಂದಲ್ಲ. ಅವರು ಜನರನ್ನು ನೋಡುತ್ತಿದ್ದದ್ದೇ ಹಾಗೆ.

ಅದಕ್ಕೇ ಆ ಕಪಾಟನ್ನು ಮುಟ್ಟಬಾರದು ಅನ್ನುತ್ತೇನೆ. ಇವತ್ತು ನಾವು ಅದಕ್ಕೆ ಹೆಸರು ಬರೆದು ಅಂಟಿಸಿದರೆ, ಆಗಿನ ಬ್ರಿಟಿಷ್ ಸರ್ಕಾರ ನಮ್ಮನ್ನು ಹೇಗೆ ನೋಡುತ್ತಿತ್ತು ಅನ್ನುವ ಗುರುತೇ ಅಳಿಸಿಹೋಗುತ್ತದೆ. ಆಮೇಲೆ ಮಕ್ಕಳಿಗೆ ಏನು ತೋರಿಸುತ್ತೀರಿ?

ಮಾಟುಂಗದವಳು

ಸರ್, ಮುಟ್ಟಬೇಡಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಅದನ್ನು ನೋಡಿ, ಹಿಂದಿನ ಕಾಲದ ಜನ ಹೀಗಿದ್ದರು ಅಂದುಕೊಂಡು ಮುಂದೆ ಹೋಗುತ್ತಾರೆ. ನೀವು ಈಗ ಹೇಳಿದಿರಲ್ಲ, ಕಾಳಿನ ಹಾಗೆ ಜನರನ್ನೂ ಸಾಲಾಗಿ ಇಟ್ಟರು ಅಂತ. ಆ ಮಾತು ಆ ಕಪಾಟಿನ ಪಕ್ಕದಲ್ಲೇ ಇದ್ದರೆ ನೋಡುವವರು ಒಂದು ನಿಮಿಷ ನಿಲ್ಲುತ್ತಾರೆ, ಅಲ್ವಾ? ಹಳೆಯದು ಹಾಗೇ ಇರಲಿ. ಅದರ ಪಕ್ಕದಲ್ಲಿ ಹೆಸರಿರುವ ಒಬ್ಬ ಮನುಷ್ಯ ಬರಲಿ.

ಲಂಡನ್ನಿನ ಶಿರಸಿಯವ

ಇದನ್ನು ಮಾಡಿ ತೋರಿಸಿದ ಒಂದು ಜಾಗ ಇಲ್ಲಿದೆ, ಹೇಳುತ್ತೇನೆ. ಲಂಡನ್ ನಗರದ ಚರಿತ್ರೆಯ ಮ್ಯೂಸಿಯಂ ಲಂಡನ್ ವಾಲ್‌ನಲ್ಲಿತ್ತು. 2022ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿದರು, ಸ್ಮಿತ್‌ಫೀಲ್ಡ್‌ನ ಹಳೇ ಮಾರುಕಟ್ಟೆಯ ಕಟ್ಟಡಗಳಿಗೆ ಸಾಗಿಸುವ ಕೆಲಸಕ್ಕೆ. ಅದರದ್ದೇ ಇನ್ನೊಂದು ಮನೆ ಡಾಕ್‌ಲ್ಯಾಂಡ್ಸ್‌ನಲ್ಲಿದೆ. 1802ರ ಸುಮಾರಿಗೆ ಕಟ್ಟಿದ ಸಕ್ಕರೆ ಗೋದಾಮು ಅದು. ದಪ್ಪ ಮರದ ತೊಲೆಗಳು, ಸಣ್ಣ ಕಿಟಕಿಗಳು, ಇನ್ನೂ ಗೋದಾಮಿನ ಹಾಗೇ ಇದೆ.

ಅಲ್ಲಿ 2007ರಲ್ಲಿ ಲಂಡನ್, ಸಕ್ಕರೆ ಮತ್ತು ಗುಲಾಮಗಿರಿ ಅಂತ ಒಂದು ಕಾಯಂ ಗ್ಯಾಲರಿ ತೆರೆದರು. ಕೆರಿಬಿಯನ್ ತೋಟಗಳಲ್ಲಿ ಆಫ್ರಿಕಾದ ಜನರನ್ನು ಗುಲಾಮರಾಗಿ ದುಡಿಸಿ ಬೆಳೆದ ಸಕ್ಕರೆ ಬಂದು ಬೀಳುತ್ತಿದ್ದದ್ದು ಅದೇ ಗೋದಾಮಿಗೆ. ಅಂದರೆ ನೀವು ನಿಂತಿರುವ ನೆಲ, ತಲೆಯ ಮೇಲಿನ ತೊಲೆ ಯಾವ ದುಡ್ಡಿನದು ಅಂತ ಆ ಕಟ್ಟಡದೊಳಗೇ ನಿಲ್ಲಿಸಿ ಹೇಳುತ್ತಾರೆ. ಮ್ಯೂಸಿಯಂ ಎದುರಿಗೆ ರಾಬರ್ಟ್ ಮಿಲಿಗನ್ ಅನ್ನುವವನ ಪ್ರತಿಮೆ ಇತ್ತು. ಗುಲಾಮರ ಯಜಮಾನ, ಅಲ್ಲಿಯ ಹಡಗುಕಟ್ಟೆ ಕಟ್ಟಿಸಿದವರಲ್ಲಿ ಮುಖ್ಯ. 2020ರ ಜೂನ್‌ನಲ್ಲಿ ಆ ಪ್ರತಿಮೆ ತೆಗೆದರು.

ಕುಮಟಾದ ಅಣ್ಣ ಬರೆದ ಹತ್ತಿಯ ಕತೆ ಬೈಕಲಾದ ಕಟ್ಟಡದೊಳಗೇ ಹಾಗೆ ನಿಲ್ಲಬೇಕು. ಚಿನ್ನದ ಕಂಬದ ಬುಡದಲ್ಲಿ ಒಂದು ಹಿಡಿ ಧಾರವಾಡದ ಹತ್ತಿ ಇಟ್ಟು ಎರಡು ಸಾಲು ಬರೆದರೂ ಸಾಕು. ನಾನು ಶಿರಸಿಯವನು. ಆ ಗಾಡಿಗಳು ಇಳಿದುಹೋದ ಊರಿನವನು. ನನಗೆ ಇದನ್ನು ಓದಿ ಇವತ್ತು ನಿದ್ದೆ ಬರಲಿಕ್ಕಿಲ್ಲ.

ಬೀದರ್ ಹೊಸಪೇಟೆ

ಕೆಳಗಿನ ಹಾಲ್ ಬಗ್ಗೆ ಯಾರೂ ಮಾತಾಡಲಿಲ್ಲ. ಬಿದರಿ ಕೆಲಸದ ಸಾಮಾನುಗಳಿವೆ ಅಲ್ಲಿ. ದಯವಿಟ್ಟು ಅವಸರದಲ್ಲಿ ದಾಟಿ ಹೋಗಬೇಡಿ.

ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಮೇಲೆ ಉಳಿಯಿಂದ ಬಳ್ಳಿ, ಹೂವು ಕೆತ್ತುತ್ತಾರೆ. ಕೆತ್ತಿದ ಗೀರಿನೊಳಗೆ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಆ ಹೊತ್ತಿಗೆ ಪಾತ್ರೆಯೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ, ಚಿತ್ತಾರ ಕಣ್ಣಿಗೇ ಕಾಣುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಒಳಗಿನ ಹಳೇ ಮಣ್ಣು ತಂದು, ನವಸಾಗರ ಬೆರೆಸಿ, ಪಾತ್ರೆ ಬಿಸಿ ಮಾಡಿ ತಿಕ್ಕುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಜಾಗದ ಮಣ್ಣೇ ಆಗಬೇಕು. ಯಾವ ಮಣ್ಣು ಸರಿ ಅಂತ ನಮ್ಮ ಕಡೆಯ ಹಿರಿಯರು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತಾರೆ.

ಗಾಜಿನ ಹತ್ತಿರ ಹೋಗಿ ಬಳ್ಳಿಯ ತುದಿ ನೋಡಿ. ದಾರದಷ್ಟು ಸಣ್ಣ ಗೆರೆ ಕಪ್ಪಿನೊಳಗೆ ಎಲ್ಲೂ ತುಂಡಾಗದೆ ಹೋಗಿರುತ್ತದೆ. ಮಾಡಿದವನ ಹೆಸರು ಅಲ್ಲೂ ಇಲ್ಲ. ಊರಿನ ಹೆಸರು ಮಾತ್ರ ಉಳಿದಿದೆ. ಗೊಂಬೆಗೆ ಹೆಸರಿಲ್ಲ ಅಂತ ಅಕ್ಕನಿಗೆ ನೋವಾಯ್ತು. ನನಗೆ ಈ ಕೈಗೆ ಹೆಸರಿಲ್ಲ ಅಂತ ನೋವು.

ಗಿರಣಗಾಂವ್

ನಾನು ಮರಾಠಿ ಮನೆಯ ಸೊಸೆ, ಹುಟ್ಟಿದ್ದು ಬೆಳಗಾವಿ. ಮಾವನವರು ಪರೇಲಿನ ಗಿರಣಿಯಲ್ಲಿದ್ದರು. 1982ರ ಜನವರಿಯಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಅದಾದ ಮೇಲೆ ಎಷ್ಟೋ ಗಿರಣಿಗಳು ಸರಿಯಾಗಿ ತೆರೆಯಲೇ ಇಲ್ಲ. ಆ ಹೊಗೆ ಕೊಳವೆಗಳಿದ್ದ ಜಾಗದಲ್ಲೆಲ್ಲ ಈಗ ಮಾಲ್ ಮತ್ತು ಗಾಜಿನ ಗೋಪುರ. ಬೈಕಲಾದಿಂದ ನಡೆದರೆ ಸಿಗುವ ದೂರ.

ಹತ್ತಿ ಬಂದ ಕತೆ ಹೇಳಿದಿರಿ. ಅದನ್ನು ನೂಲು ಮಾಡಿದವರ ಕತೆಯೂ ಜೊತೆಗೆ ಇರಲಿ. ಕಾಳಾಚೌಕಿಯ ಇಂಡಿಯಾ ಯುನೈಟೆಡ್ ಮಿಲ್ ಜಾಗದಲ್ಲಿ ಮಹಾನಗರಪಾಲಿಕೆ ಜವಳಿ ಮ್ಯೂಸಿಯಂ ಕೆಲಸ ಹಿಡಿದಿದೆ. ಆದರೆ ಊರಿನ ಮುಖ್ಯ ಕತೆ ಒಂದು ಕಡೆ, ಕೂಲಿಯವರ ಕತೆ ಇನ್ನೊಂದು ಕಡೆ ಅಂತ ಆಗಬಾರದು.

ಬಸವನಗುಡಿ

ಬೆಂಗಳೂರಿನಿಂದ ಓದುತ್ತಿದ್ದೇನೆ. ಹೊಟ್ಟೆಕಿಚ್ಚು ಆಗುತ್ತಿದೆ. ನಮ್ಮಲ್ಲಿ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ 1865ರದ್ದು. ಬೇಗೂರಿನಿಂದ ತಂದ ದೊಡ್ಡ ವೀರಗಲ್ಲು ಅಲ್ಲಿದೆ. ಆನೆ, ಕುದುರೆ, ಯುದ್ಧ ಎಲ್ಲಾ ಒಂದೇ ಕಲ್ಲಿನಲ್ಲಿ. ಮೇಯೋ ಹಾಲ್‌ನಲ್ಲಿ ಕೆಂಪೇಗೌಡ ಮ್ಯೂಸಿಯಂ ಇದೆ. ಆದರೆ ಪೇಟೆ, ದಂಡು, ಕೆರೆಗಳು, ಗಿರಣಿ, ಕಾರ್ಖಾನೆ, ಐಟಿ ಅಂತ ಊರು ಬೆಳೆದ ಬಗೆಯನ್ನು ಒಂದೇ ಕಡೆ ಹೇಳುವ ಕಾಯಂ ಪ್ರದರ್ಶನ ನಮಗೆ ಬೇಕು. ಈ ಚರ್ಚೆಯನ್ನು ಅಲ್ಲಿಯ ಗೆಳೆಯರಿಗೂ ಕಳಿಸುತ್ತಿದ್ದೇನೆ.

ಕಲ್ಲು ನೋಡುವವ

ಹೊರಗಿನ ಆನೆಯನ್ನು ಎಲ್ಲರೂ ಮರೆತಿರಲ್ಲ! ಅದೇ ಉದ್ಯಾನದಲ್ಲಿ, ಮ್ಯೂಸಿಯಂ ಪಕ್ಕ ನಿಂತಿದೆ. ಘಾರಾಪುರಿ ದ್ವೀಪದಲ್ಲಿದ್ದ ಕಲ್ಲಾನೆ ಅದು. ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಅಂತ ಕರೆದದ್ದು ಅದನ್ನು ನೋಡಿಯೇ. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋದರು. ಎತ್ತುವಾಗ ಕ್ರೇನ್ ಮುರಿದು ಆನೆ ಚೂರುಚೂರಾಯ್ತು. ಆಮೇಲೆ ಆ ಚೂರುಗಳನ್ನು ಇಲ್ಲಿಗೆ ತಂದು ಜೋಡಿಸಿ ನಿಲ್ಲಿಸಿದರು. ಕಾಲಾ ಘೋಡಾ ಅನ್ನುವ ಜಾಗಕ್ಕೆ ಹೆಸರು ತಂದ ಏಳನೇ ಎಡ್ವರ್ಡನ ಕುದುರೆ ಪ್ರತಿಮೆಯೂ 1965ರಿಂದ ಇದೇ ರಾಣಿಬಾಗ್‌ನಲ್ಲಿದೆ.

ಹಳೇ ಫೋರ್ಟ್ ಅವರು ಹೇಳಿದ ಮಾತಿಗೆ ಆ ಆನೆ ಒಳ್ಳೇ ಸಾಕ್ಷಿ. ಬಿದ್ದದ್ದನ್ನು ಮುಚ್ಚಿಟ್ಟಿಲ್ಲ. ಮೈಮೇಲಿನ ಕೂಡುಗೆರೆಗಳು ಇವತ್ತಿಗೂ ಕಾಣುತ್ತವೆ. ಏನು ಮಾಡಲು ಹೋಗಿ ಏನಾಯ್ತು ಅಂತ ಆ ಗೆರೆಗಳೇ ಹೇಳುತ್ತವೆ.

ರಾತ್ರಿಶಾಲೆ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಬರೆಯಲೇಬೇಕು ಅನ್ನಿಸಿತು ಮಾರಾಯ್ರೆ.

ನಮ್ಮ ಅಪ್ಪಯ್ಯ ಕುಂದಾಪುರ ಕಡೆಯವರು. ಮೀಸೆ ಬರುವ ಮೊದಲೇ ಮುಂಬಯಿಗೆ ಬಂದು ಫೋರ್ಟಿನ ಹೋಟೆಲಲ್ಲಿ ಸೇರಿದರು. ಮೊದಲು ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ಸಂಜೆ ಗಿರಾಕಿ ಕಡಿಮೆಯಾದ ಮೇಲೆ ಕನ್ನಡ ರಾತ್ರಿಶಾಲೆ. ಹಗಲು ಬೇರೆಯವರ ಮಕ್ಕಳು ಓದುವ ಬೆಂಚಿನ ಮೇಲೆ ರಾತ್ರಿ ಇವರು. ಕ್ಲಾಸು ಮುಗಿಸಿ ಮತ್ತೆ ಹೋಟೆಲಿಗೇ ಬಂದು, ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಟ್ಟು, ನೆಲ ತೊಳೆದು, ಅಲ್ಲೇ ಚಾಪೆ ಹಾಸುತ್ತಿದ್ದರು. ಹಾಗೆ ಓದಿ ಮೆಟ್ರಿಕ್ ಪಾಸಾಗಿ ಆಫೀಸಿಗೆ ಸೇರಿದವರು ಅವರೊಬ್ಬರೇ ಅಲ್ಲ. ಅವರ ಪೀಳಿಗೆಯಲ್ಲಿ ಹಾಗೆ ಮೇಲೆ ಬಂದವರು ಮುಂಬಯಿ ತುಂಬಾ ಇದ್ದಾರೆ.

ಹೋಟೆಲುಗಳ ಕತೆ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಮಾಟುಂಗದ ರಾಮನಾಯಕರ ಬೋರ್ಡಿಂಗ್ 1942ರದ್ದು, ಬಾಳೆಲೆ ಊಟ, ಉದ್ದ ಸಾಲು ಅಂತ. ಒಳ್ಳೆಯದೇ. ಆದರೆ ಊಟ ಬಡಿಸಿದ ಹುಡುಗ ಎಲ್ಲಿ ಓದಿದ, ಎಲ್ಲಿ ಮಲಗಿದ ಅಂತ ಯಾರು ಕೇಳಿದ್ದಾರೆ? ಅಪ್ಪಯ್ಯನ ರಾತ್ರಿಶಾಲೆಯ ಸರ್ಟಿಫಿಕೇಟು ನನ್ನ ಹತ್ತಿರ ಇದೆ. ಮಡಚಿ ಮಡಚಿ ನಾಲ್ಕು ತುಂಡಾಗಿತ್ತು, ಹಿಂದಿನಿಂದ ಪೋಸ್ಟ್ ಕಾರ್ಡ್ ಅಂಟಿಸಿ ಜೋಡಿಸಿದ್ದಾರೆ. ಊರಿನ ಅಜ್ಜಿ ಬರೆಸಿ ಕಳಿಸಿದ ಕಾರ್ಡು. ಮುಂದೆ ಮಗನ ಮಾರ್ಕು, ಹಿಂದೆ ಮಳೆ ಬಂತು, ನಾಟಿ ಮುಗಿಯಿತು, ದುಡ್ಡು ಸಿಕ್ಕಿತು ಅನ್ನುವ ಸುದ್ದಿ.

ಇಂಥದ್ದು ಮ್ಯೂಸಿಯಂನಲ್ಲಿ ಇಡುವಂಥ ವಸ್ತು ಹೌದಾ ಅಲ್ಲವಾ, ನೀವೇ ಹೇಳಿ.

ಹಳೇ ಫೋರ್ಟ್

ಹೌದು. ಖಂಡಿತ ಹೌದು. ಆ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಅಂಟಿಸಿದ ಕಾರ್ಡನ್ನು ಕೀಳಲೂ ಬೇಡಿ. ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ ಚಪ್ಪಟೆಯಾಗಿ ಇಡಿ. ಎರಡೂ ಬದಿ ಸ್ಕ್ಯಾನ್ ಮಾಡಿ.

ಮಾಟುಂಗದವಳು

ನನಗೆ ಈಗ ಏನು ಮಾಡಬೇಕು ಅಂತ ಸ್ಪಷ್ಟವಾಯ್ತು. ಮ್ಯೂಸಿಯಂನವರ ಹತ್ತಿರ ಹೋಗಿ, ನಮ್ಮವರನ್ನೂ ಸೇರಿಸಿ ಅಂತ ಬರೀ ಬಾಯಲ್ಲಿ ಕೇಳಿದರೆ ಅವರಾದರೂ ಏನು ಇಡುತ್ತಾರೆ? ನಮ್ಮ ಕೈಯಲ್ಲಿ ವಸ್ತು ಇರಬೇಕು, ಅದರ ಕತೆ ಬರೆದಿರಬೇಕು. ಈ ಊರಿನ ಕನ್ನಡ ಸಂಘಗಳಲ್ಲಿ ಹಳೇ ಫೋಟೋ, ವರದಿ, ರಾತ್ರಿಶಾಲೆಯ ಹಾಜರಿ ಪುಸ್ತಕ ಎಷ್ಟಿವೆಯೋ. ಪ್ರತಿ ಮಳೆಗಾಲಕ್ಕೂ ಒಂದಷ್ಟು ಗೆದ್ದಲಿಗೆ ಹೋಗುತ್ತಿವೆ. ಮೊದಲು ಅವುಗಳ ಪಟ್ಟಿ ಮಾಡೋಣ. ಪ್ರತಿಯೊಂದಕ್ಕೂ ಯಾರದ್ದು, ಯಾವ ಊರಿನವರು, ಮುಂಬಯಿಯಲ್ಲಿ ಎಲ್ಲಿ ದುಡಿದರು, ಯಾವ ವರ್ಷ ಅಂತ ಬರೆಯೋಣ. ಹೆಸರಿಲ್ಲದೆ ಒಂದನ್ನೂ ಸೇರಿಸುವುದು ಬೇಡ. ಆಮೇಲೆ ಅದನ್ನು ಹಿಡಿದುಕೊಂಡು ಮ್ಯೂಸಿಯಂ ಬಾಗಿಲು ತಟ್ಟೋಣ.

ಅದಕ್ಕೂ ಮೊದಲು ಎಲ್ಲರೂ ಸೇರಿ ಒಮ್ಮೆ ನೋಡಿ ಬರಬೇಕು. ಬರುವ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬೈಕಲಾ ಸ್ಟೇಷನ್ನಿನ ಪೂರ್ವದ ಬದಿ ಸೇರೋಣ. ಬೀದರಿನ ಅಣ್ಣ ಬರುವಂತಿದ್ದರೆ ಕೆಳಗಿನ ಹಾಲ್ ನೀವೇ ತೋರಿಸಬೇಕು.

ಬೀದರ್ ಹೊಸಪೇಟೆ

ಶನಿವಾರ ರಾತ್ರಿಯ ಬಸ್ಸಿಗೆ ಬರುತ್ತೇನೆ ಅಕ್ಕ. ಕೋಟೆಯ ಮಣ್ಣು ಸ್ವಲ್ಪ ಪೊಟ್ಟಣ ಕಟ್ಟಿ ತರುತ್ತೇನೆ, ಮಕ್ಕಳು ಮುಟ್ಟಿ ನೋಡಲಿ.

ಎರಡು ಮಕ್ಕಳ ತಾಯಿ, ಠಾಣೆ

ನಾವು ಮೂವರು ಬರುತ್ತೇವೆ. ನಮ್ಮ ಅತ್ತೆಯವರು ಕುಮಟಾದವರು, ಅವರ ಅಜ್ಜನ ಮನೆಯಲ್ಲಿ ಹತ್ತಿ ಗಾಡಿಗಳಿದ್ದವಂತೆ. ಅವರ ಮಾತನ್ನು ರೆಕಾರ್ಡ್ ಮಾಡಬೇಕಾದರೆ ಏನೇನು ಕೇಳಬೇಕು ಅಂತ ಯಾರಾದರೂ ಬರೆದು ಕೊಡುತ್ತೀರಾ?

ಕುಮಟಾ ಕಡೆಯವ

ಇವತ್ತು ರಾತ್ರಿಯೇ ಬರೆದು ಹಾಕುತ್ತೇನೆ ಮೇಡಂ. ಗಾಡಿ ಎಲ್ಲಿಂದ ಹೊರಡುತ್ತಿತ್ತು, ಘಟ್ಟದಲ್ಲಿ ಎಲ್ಲಿ ತಂಗುತ್ತಿದ್ದರು, ಬಂದರಿನಲ್ಲಿ ಮಾಲು ಯಾರ ಕೈಗೆ ಕೊಡುತ್ತಿದ್ದರು, ಅಲ್ಲಿಂದಲೇ ಶುರು ಮಾಡಿ.